ಬೆದರಿಸಿ ಗೆದ್ದದ್ದು ಗೆಲವೆ?

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಹೋರಿಯ ಗೊಡವೆ ಏಕೆ ಎಂದು ಕೆಲವರು ಕೇಳಿಯಾರು. ಈ ಗೊಡವೆಗೆ ನಾನಾಗಿ ಹೋದದ್ದಲ್ಲ. ಹೋರಿಯೇ ನನ್ನ ತರಗತಿಯೊಳಗೆ ನುಗ್ಗಿ ಬಂತು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ 'ನಮ್ಮೂರ ಹಬ್ಬ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿರೆಂದು ಹೇಳಿದ್ದೆ. ಹಾನಗಲ್ಲ ಕಡೆಯ ಹುಡುಗನೊಬ್ಬ ತಮ್ಮೂರಿನ ಹೋರಿ ಬೆದರಿಸುವ ಸ್ಪರ್ಧೆಯ ಮೇಲೆ ಆರು ಪುಟ ಬರೆದು ತಂದ. ಬರವಣಿಗೆಯಲ್ಲಿ ಜೀವವಿತ್ತು. ಸಂತೋಷದಿಂದ ಓದುತ್ತ ಹೋದವನು ನಾಲ್ಕನೆಯ ಪುಟದಲ್ಲಿ ಒಂದು ವಾಕ್ಯದ ಬಳಿ ನಿಂತುಬಿಟ್ಟೆ. "ಹಬ್ಬಕ್ಕೆ ಒಂದು ತಿಂಗಳು ಮೊದಲಿನಿಂದ ಹೋರಿಗೆ ಹೆದರಿಕೆಯನ್ನು ರೂಢಿ ಮಾಡಿಸುತ್ತೇವೆ" ಎಂದು ಬರೆದಿದ್ದ. ಕೆಂಪು ಶಾಯಿಯಿಂದ ಅದರ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ "ಹೆದರಿಕೆ ರೂಢಿಯಾಗುತ್ತದೆಯೆ?" ಎಂದು ಬರೆದೆ. ಹುಡುಗ ಅದನ್ನು ವ್ಯಾಕರಣದ ತಪ್ಪೆಂದು ತಿಳಿದ. "ತಪ್ಪಲ್ರಿ ಸರ, ಒಮ್ಮೆ ನಮ್ಮೂರಿಗೆ ಬರ್ರಿ, ತೋರಸ್ತೀನಿ" ಎಂದ. ಹೋದೆ.

ಈ ಸೀಮೆಯನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಬಲಿಪಾಡ್ಯಮಿಯೆಂದರೆ ಹೋರಿಯ ಹಬ್ಬ. ಮೈ ತೊಳೆದು, ಕೋಡು ಹೆರೆದು ಬಣ್ಣ ಹಚ್ಚಿ, ಝೂಲ ಹೊದಿಸಿ, ಗೆಜ್ಜೆ ಕಟ್ಟಿ, ಬಲೂನು ರಿಬ್ಬನ್ನುಗಳಿಂದ ಸಿಂಗರಿಸಿ, ಕೊರಳಿಗೆ ಕೊಬ್ಬರಿಯ ಸರ ಹಾಕಿ ಹೋರಿಯನ್ನು ಅಖಾಡದ ಒಂದು ತುದಿಯಲ್ಲಿ ಬಿಡುತ್ತಾರೆ. ಎರಡೂ ಮಗ್ಗುಲಿಗೆ ಕಿಕ್ಕಿರಿದ ಜನ. ನಡುವಿನ ಓಣಿಯಲ್ಲಿ ಹೋರಿ ಓಡಬೇಕು. ಗಟ್ಟಿಮುಟ್ಟಾದ ಹುಡುಗರು ಅದರ ಮೇಲೆ ಬಿದ್ದು ಕೊಬ್ಬರಿ ಹರಿದುಕೊಳ್ಳಬೇಕು. ಕೊಬ್ಬರಿ ಉಳಿಸಿಕೊಂಡು ಪಾರಾದರೆ ಗೆಲವು ಹೋರಿಯದು, ಹರಿದುಕೊಂಡರೆ ಹುಡುಗನದು. ದೀಪಾವಳಿಗೆ ಮೊದಲಾದ ಈ ಆಟ ಊರಿಂದ ಊರಿಗೆ ತಿರುಗುತ್ತ ಕೆಲವು ತಿಂಗಳು ನಡೆಯುತ್ತದೆ. ಹೋರಿಗಳಿಗೆ ಸಿನಿಮಾ ನಾಯಕರ ಹೆಸರು, ಅವುಗಳಿಗೊಂದು ಅಭಿಮಾನಿಗಳ ಬಳಗ, ಬಳಗಕ್ಕೆ ಒಂದೇ ಬಣ್ಣದ ಅಂಗಿ. ಹೆಸರಾಂತ ಹೋರಿಯ ಬೆಲೆ ಲಕ್ಷಗಳಲ್ಲಿ. ಅದು ಸತ್ತರೆ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ, ಊರೇ ಅಳುತ್ತದೆ. ಆ ಅಳು ಬೂಟಾಟಿಕೆಯದಲ್ಲವೆಂದು ನಾನು ಬಲ್ಲೆ. ಆದುದರಿಂದಲೇ ಈ ಲೇಖನ ಬರೆಯುವುದು ಕಷ್ಟವಾಗಿದೆ.

ಹುಡುಗನ ಊರಿಗೆ ನಾನು ಹೋದದ್ದು ಹಬ್ಬಕ್ಕೆ ಎರಡು ವಾರ ಮುಂಚೆ. ಬೆಳಗಿನ ಜಾವ ಅವನ ತಂದೆ ಹೋರಿಯನ್ನು ಕೆರೆಗೆ ಇಳಿಸಿ ಈಜಿಸಿಕೊಂಡು ಬಂದರು. ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ ಕಲಸಿ ಕೈಯಾರೆ ತಿನ್ನಿಸಿದರು. ಗಂಗೆದೊಗಲಿನ ಮೇಲೆ ಕೈಯಾಡಿಸುತ್ತ ಅದರೊಡನೆ ಏನೋ ಮಾತಾಡಿದರು. ಅಷ್ಟು ಹೊತ್ತಿಗೆ ಊರಿನ ಹತ್ತು ಹನ್ನೆರಡು ಹುಡುಗರು ಕೆರೆಯ ಹಿಂದಿನ ಬಯಲಿನಲ್ಲಿ ಎರಡು ಸಾಲಾಗಿ ನಿಂತಿದ್ದರು. ಒಬ್ಬನ ಕೈಯಲ್ಲಿ ತಗಡು, ಇನ್ನೊಬ್ಬನ ಕೈಯಲ್ಲಿ ಒದ್ದೆ ಗೋಣಿಚೀಲ, ಇಬ್ಬರ ಕೈಯಲ್ಲಿ ಹಸಿ ಬರಲು. ಹೋರಿಯನ್ನು ಸಾಲಿನ ನಡುವೆ ತಂದು ಹಿಂದೆ ಪಟಾಕಿ ಸರಕ್ಕೆ ಬೆಂಕಿ ಕೊಟ್ಟರು. ತಗಡು ಬಡಿಯಿತು, ಸೀಟಿ ಕೂಗಿತು, ಗೋಣಿ ಮೋರೆಗೆ ಬೀಸಿತು, ದಾಟಿ ಹೋಗುವಾಗ ಬರಲು ಪಕ್ಕೆಗೆ ಬಿತ್ತು. ನಿಲ್ಲಿಸಲು ಮೂಗುದಾರ ಜಗ್ಗಿದಾಗ ಮೂಗಿನ ಅಂಚಿನಲ್ಲಿ ರಕ್ತದ ತೆಳುವಾದ ಗೆರೆ ಕಂಡಿತು. ಮತ್ತೆ ಹಿಂದಕ್ಕೆ ತಂದರು, ಮತ್ತೆ ಓಡಿಸಿದರು. ಐದು ಸಲ. ಕಣ್ಣಿನ ಬಿಳಿ ಹೊರಳಿತ್ತು, ಸೆಗಣಿ ನೀರಾಗಿತ್ತು, ತೊಡೆಗಳು ನಡುಗುತ್ತಿದ್ದವು. ಐದನೆಯ ಓಟ ಮುಗಿದ ಮೇಲೆ ಅದು ಮಾಡಿದ ಕೆಲಸವನ್ನು ನಾನು ಮರೆಯಲಾರೆ. ನೆಟ್ಟಗೆ ಆ ತಂದೆಯ ಬಳಿಗೆ ಬಂದು ಅವರ ಕಂಕುಳಲ್ಲಿ ಮುಸುಡಿ ಇಟ್ಟು ನಿಂತಿತು. ಹೆದರಿಸಿದವರ ಹತ್ತಿರವೇ ಹೆದರಿಕೆಯನ್ನು ಹೇಳಿಕೊಳ್ಳಲು ಬಂದಿತ್ತು.

"ಮಾಸ್ತರ್ರ, ಇದು ನಮ್ಮ ಮನ್ಯಾಗಿನ ಮಗಾ ಇದ್ದಂಗ್ರಿ. ನಮಗ ಇರದಿದ್ರೂ ಇದಕ್ಕ ಹಿಂಡಿ ತಪ್ಪಸಿಲ್ಲ" ಎಂದರು ಅವರು.

"ಮಗನನ್ನು ಹೀಗೆ ಹೆದರಿಸುತ್ತೀರೇನು ಯಜಮಾನರೆ?" ಎಂದೆ.

ಅವರು ನಕ್ಕರು. "ನೀವು ಸಾಲ್ಯಾಗ ಹುಡುಗರನ್ನ ಹೆದರಸೂದಿಲ್ಲೇನ್ರಿ? ಹೆದರಿಕಿ ಇಲ್ಲಂದ್ರ ಹೋರಿನೂ ಓಡಂಗಿಲ್ಲ, ಹುಡುಗರೂ ಓದಂಗಿಲ್ಲ."

ಆ ಮಾತಿಗೆ ನಾನು ಆಗ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ.

ಎಲ್ಲರೂ ಹೀಗೆ ತಾಲೀಮು ಕೊಡುತ್ತಾರೆಂದು ನನ್ನ ವಾದವಲ್ಲ. ಈಜಿಸಿ, ಹೊಲದಲ್ಲಿ ದುಡಿಸಿ, ಒಳ್ಳೆಯ ಮೇವು ಹಾಕಿ, ಒಂದು ಪೆಟ್ಟನ್ನೂ ಕೊಡದೆ ಹೋರಿ ಬೆಳೆಸುವ ರೈತರು ಈ ನಾಲ್ಕೂ ತಾಲೂಕುಗಳಲ್ಲಿ ಇದ್ದಾರೆ. ಆದರೆ ಸ್ಪರ್ಧೆಯ ಕಟ್ಟಳೆಯೇ ಬೇರೆ ಪಾಠ ಹೇಳುತ್ತದೆ. ಹೊಸ ಮನುಷ್ಯರನ್ನು ಕಂಡು ಬೆದರದ ಹೋರಿ ಅಖಾಡದಲ್ಲಿ ನಿಧಾನವಾಗಿ ನಡೆದು ಬರುತ್ತದೆ. ಯಾರು ಬೇಕಾದರೂ ಅದರ ಕೊಬ್ಬರಿ ಬಿಚ್ಚಿಕೊಳ್ಳಬಹುದು. ಸಾಧುವಾದ ಹೋರಿಗೆ ಬಹುಮಾನವಿಲ್ಲ, ಬೆಲೆಯಿಲ್ಲ. ಕಂಗೆಟ್ಟು ಓಡುವುದಕ್ಕೆ ಬೈಕು, ಬಂಗಾರ, ಫ್ರಿಜ್ಜು ಇಟ್ಟ ಮೇಲೆ ಕಂಗೆಡಿಸುವ ವಿದ್ಯೆ ಬೆಳೆಯದೆ ಇದ್ದೀತೆ? ನಮ್ಮ ಭಾಷೆ ಸುಳ್ಳು ಹೇಳುವುದಿಲ್ಲ. 'ಹೋರಿ ಓಡಿಸುವ ಹಬ್ಬ' ಎನ್ನಲಿಲ್ಲ, 'ಹೋರಿ ಆಡಿಸುವ ಹಬ್ಬ' ಎನ್ನಲಿಲ್ಲ, 'ಬೆದರಿಸುವ' ಎಂದಿತು. ಹೆಸರಿನಲ್ಲಿಯೇ ತಪ್ಪೊಪ್ಪಿಗೆ ಇದೆ. ದನವನ್ನು ಪಳಗಿಸುವುದು, ತಿದ್ದುವುದು, ಹೂಡುವುದು, ಮೈದಡವುವುದು ಎಂದು ಕನ್ನಡದಲ್ಲಿ ಎಷ್ಟು ಮಾತುಗಳಿವೆ! ಅವೆಲ್ಲ ಮನುಷ್ಯನನ್ನೂ ಪಶುವನ್ನೂ ಹತ್ತಿರ ತರುವ ಮಾತುಗಳು. 'ಬೆದರಿಸು' ಎಂಬುದೊಂದೇ ದೂರ ಅಟ್ಟುವ ಮಾತು. ನೂರಾರು ತಲೆಮಾರು ಕಷ್ಟಪಟ್ಟು ಪಳಗಿಸಿದ ಪ್ರಾಣಿಗೆ ನಾವು ಕೂಲಿ ಕೊಟ್ಟು ಕಾಡನ್ನು ನೆನಪಿಸುತ್ತಿದ್ದೇವೆ.

ಇದಕ್ಕೆ ಬರುವ ಮೊದಲನೆಯ ಉತ್ತರ ನನಗೆ ಗೊತ್ತು: ಇದು ನಮ್ಮ ಪರಂಪರೆ. ಸಂತೋಷ, ಪರಂಪರೆಯ ಮಾತನ್ನೇ ಆಡೋಣ. ಹಾನಗಲ್ಲ ಕದಂಬರು ಆಳಿದ ನಾಡು ಇದು. ತುರು ಹಿಡಿದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಕಾದಾಡಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡು. ದನಕ್ಕಾಗಿ ಜೀವ ಕೊಟ್ಟದ್ದು ಇಲ್ಲಿನ ಪರಂಪರೆ. ಕನ್ನಡಿಗರು ದನಕ್ಕೆ ಮಾತ್ರವಲ್ಲ, ನಾಯಿಗೂ ಕಲ್ಲು ನಿಲ್ಲಿಸಿದವರು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವು ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನು ಇಂದಿಗೂ ಉಳಿಸಿದೆ. 1209ರಲ್ಲಿ ಜನ್ನ 'ಯಶೋಧರ ಚರಿತೆ'ಯನ್ನು ಬರೆದ. ಅದರಲ್ಲಿ ದೊರೆ ಯಶೋಧರ ಕೊಂದದ್ದು ಹಿಟ್ಟಿನಿಂದ ಮಾಡಿದ ಕೋಳಿಯನ್ನು. ರಕ್ತ ಸುರಿಯಲಿಲ್ಲ, ಜೀವ ಹೋಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದಕ್ಕಾಗಿ ತಾಯಿ ಮಗ ಇಬ್ಬರೂ ಮೃಗಪಕ್ಷಿಗಳಾಗಿ ಜನ್ಮ ಜನ್ಮ ತೊಳಲಿದರು. ಹಿಂಸೆ ಕೈಯಲ್ಲಿ ಹುಟ್ಟುವ ಮೊದಲು ಮನಸ್ಸಿನಲ್ಲಿ ಹುಟ್ಟುತ್ತದೆ ಎಂದು ಎಂಟು ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಹೇಳಿಯಾಗಿದೆ. ಇದನ್ನು ನಾನು ವರ್ಷ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ; ಹುಡುಗರು ಬರೆದುಕೊಳ್ಳುತ್ತಾರೆ, ಅಂಕ ಪಡೆಯುತ್ತಾರೆ. ಇದೂ ಪರಂಪರೆಯಲ್ಲವೆ? ಬೈಕು, ಫ್ರಿಜ್ಜು, ಧ್ವನಿವರ್ಧಕಗಳನ್ನು ಬಲಿಪಾಡ್ಯಮಿಗೆ ಯಾವ ಅಜ್ಜ ತಂದಿಟ್ಟಿದ್ದ? ವರ್ಷವಿಡೀ ದುಡಿದ ದನಕ್ಕೆ ಒಂದು ದಿನ ನೊಗ ಇಳಿಸಿ, ಆರತಿ ಬೆಳಗಿ, ಹೋಳಿಗೆ ತಿನ್ನಿಸಿ ಋಣ ತೀರಿಸುವುದು ಅಜ್ಜಂದಿರ ಹಬ್ಬವಾಗಿತ್ತು. ಆ ಋಣದ ಹೆಸರು ಹೇಳಿ ಈ ಪಂತವನ್ನು ನಡೆಸುವುದು ಸಲ್ಲದು.

ಎರಡನೆಯ ಉತ್ತರ: ಕಾಯಿದೆ ಒಪ್ಪಿದೆ, ಮಾಸ್ತರರ ಅಪ್ಪಣೆ ಬೇಕೆ? ಕಾಯಿದೆ ಏನು ಒಪ್ಪಿದೆಯೆಂದು ನೋಡೋಣ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆ 1960ರದು. ಮೊದಲ ಸಲದ ತಪ್ಪಿಗೆ ಅದು ಗೊತ್ತು ಮಾಡಿದ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿಗೆ ಮೀರದೆ. ಲಕ್ಷಗಳ ಹೋರಿಯ ಮುಂದೆ ಅದು ಕಾಯಿ ಒಡೆಸುವ ಖರ್ಚೂ ಅಲ್ಲ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿನ ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟಗಳನ್ನೂ ನಿಷೇಧಿಸಿತು. ಆ ತೀರ್ಪು ಪ್ರಾಣಿಗಳಿಗೆ ಸಲ್ಲಬೇಕಾದ ಐದು ಬಿಡುಗಡೆಗಳನ್ನು ಎಣಿಸಿತ್ತು. ಹಸಿವು ಬಾಯಾರಿಕೆಗಳಿಂದ ಬಿಡುಗಡೆ ಮೊದಲನೆಯದು. ಹೆದರಿಕೆ ಮತ್ತು ಸಂಕಟದಿಂದ ಬಿಡುಗಡೆ ಎರಡನೆಯದು. ಆಮೇಲೆ ನಮ್ಮ ರಾಜ್ಯ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಹೋರಿ, ಗಾಡಿಗಳ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ ನಮ್ಮದನ್ನೂ ಎತ್ತಿಹಿಡಿಯಿತು. ಇದು ಈ ನಾಡಿನ ಕಾನೂನು, ತಲೆಬಾಗುತ್ತೇನೆ. ಆದರೆ ಪ್ರಾಣಿಗೆ ನೋವು ಸಂಕಟಗಳಾಗಬಾರದೆಂಬ ಭರವಸೆಯ ಮೇಲೆ ದೊರೆತ ಅನುಮತಿ ಅದು. ಭರವಸೆಯನ್ನು ಮರೆತು ಅನುಮತಿಯನ್ನು ಮಾತ್ರ ನೆನಪಿಡುವುದು ಸಾಲ ಪಡೆದು ಪತ್ರ ಹರಿದಂತೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಧಿಕಾರಿ ಬರುವುದು, ಪೋಲೀಸರು ನಿಲ್ಲುವುದು, ಪಶುವೈದ್ಯರು ಕೈಯಾಡಿಸುವುದು ಎಲ್ಲವೂ ಅಖಾಡದ ದಿನ. ಅಖಾಡದಲ್ಲಿ ಹೋರಿ ಓಡುವುದು ಕೆಲವೇ ಕ್ಷಣ. ಆ ಕ್ಷಣಗಳ ಹಿಂದೆ ಕೆರೆಯ ಹಿಂದಿನ ಬಯಲಿನಲ್ಲಿ ಕಳೆದ ಮೂವತ್ತು ಬೆಳಗುಗಳನ್ನು ಯಾರೂ ಕಾಣುವುದಿಲ್ಲ. ಕ್ರೌರ್ಯಕ್ಕೆ ಪ್ರೇಕ್ಷಕರು ಬೇಕಿಲ್ಲ. ಅದು ತಾಲೀಮಿನಲ್ಲಿ ಮುಗಿದುಹೋಗಿರುತ್ತದೆ. ಪ್ರೇಕ್ಷಕರು ನೋಡುವುದು ಅದರ ಫಲವನ್ನು, ಸಿಂಗಾರದ ಕೆಳಗೆ.

ಮೂರನೆಯ ಉತ್ತರದಲ್ಲಿ ಸ್ವಲ್ಪ ನ್ಯಾಯವಿದೆ. "ಪೇಟೆಯವರು ಕುದುರೆ ಓಡಿಸಿ ಜೂಜಾಡುತ್ತಾರೆ, ಅವರನ್ನು ಕೇಳುವವರಿಲ್ಲ, ಬಡ ರೈತನ ಹೋರಿಯೇ ನಿಮ್ಮ ಕಣ್ಣಿಗೆ ಬಿತ್ತೆ?" ಎನ್ನುತ್ತಾರೆ. ಒಪ್ಪತಕ್ಕ ಮಾತೇ. ಕುದುರೆಯನ್ನು ಕುರಿತೂ ಹೇಳಿಬಿಡುತ್ತೇನೆ. ಐರೋಪ್ಯರ ಕುದುರೆ ಸವಾರಿಯ ಸ್ಪರ್ಧೆಗಳಿಗೆ ಇರುವಷ್ಟು ನಿಯಮ, ತೀರ್ಪುಗಾರರು, ವೈದ್ಯರು ಇನ್ನಾವ ಪಶುಕ್ರೀಡೆಗೂ ಇರಲಾರರು. ಅಲ್ಲಿಯೂ ಇದೇ ಕತೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಐದು ಕ್ರೀಡೆಗಳ ಸ್ಪರ್ಧೆಯಲ್ಲಿ ಜರ್ಮನಿಯ ಸವಾರಿಣಿಗೆ ಸಿಕ್ಕಿದ ಸೇಂಟ್ ಬಾಯ್ ಎಂಬ ಕುದುರೆ ಹೆದರಿ ಹೆಜ್ಜೆಯಿಡಲು ಒಲ್ಲೆನೆಂದಿತು. ಸವಾರಿಣಿ ಅಳುತ್ತ ಚಾಟಿ ಬೀಸಿದಳು. ತರಬೇತಿ ಕೊಡುವವರು ಬೇಲಿಯಾಚೆಯಿಂದ ಕುದುರೆಗೆ ಗುದ್ದಿದರು. ಲೋಕವೆಲ್ಲ ನೋಡಿತು. ಕೊನೆಗೆ 2024ರ ಪ್ಯಾರಿಸ್ ಕೂಟವೇ ಕಡೆಯೆಂದು ಗೊತ್ತು ಮಾಡಿ, ಆ ಸ್ಪರ್ಧೆಯಿಂದ ಕುದುರೆ ಸವಾರಿಯನ್ನೇ ತೆಗೆದುಹಾಕಿದರು. ಅದೇ 2024ರ ಜುಲೈಯಲ್ಲಿ, ಮೂರು ಸಲ ಒಲಿಂಪಿಕ್ ಚಿನ್ನ ಗೆದ್ದ ಇಂಗ್ಲೆಂಡಿನ ಶಾರ್ಲೆಟ್ ದುಜಾರ್ಡಿನ್ ತಾಲೀಮಿನ ಅಂಗಳದಲ್ಲಿ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿ ಬೀಸಿದ ಹಳೆಯ ಚಿತ್ರವೊಂದು ಹೊರಬಿತ್ತು. ಆಕೆ ಪ್ಯಾರಿಸಿನಿಂದ ಹಿಂದೆ ಸರಿಯಬೇಕಾಯಿತು. ಅಂತರರಾಷ್ಟ್ರೀಯ ಸಂಸ್ಥೆ ಒಂದು ವರ್ಷದ ನಿಷೇಧವನ್ನೂ ಹತ್ತು ಸಾವಿರ ಸ್ವಿಸ್ ಫ್ರಾಂಕುಗಳ ದಂಡವನ್ನೂ ವಿಧಿಸಿತು. ಗಮನಿಸಿ: ಅಖಾಡದಲ್ಲಿ ಆಕೆಯ ಕುದುರೆಗಳು ಹೂವಿನ ಮೇಲೆ ನಡೆದಂತೆ ನಡೆಯುತ್ತಿದ್ದವು. ಬಯಲಾದದ್ದು ತಾಲೀಮಿನ ಅಂಗಳ. ಶ್ರೀಮಂತರ ಕುದುರೆಗೂ ನಮ್ಮ ರೈತನ ಹೋರಿಗೂ ನ್ಯಾಯ ಒಂದೇ. ಅವರ ಪಾಪ ನಮ್ಮ ಪಾಪಕ್ಕೆ ರಸೀದಿಯಾಗಲಾರದು.

ನಾಲ್ಕನೆಯ ಉತ್ತರವನ್ನು ನಾನು ಗೌರವದಿಂದ ಕೇಳುತ್ತೇನೆ. ಟ್ರ್ಯಾಕ್ಟರು ಬಂದ ಮೇಲೆ ಹೋರಿಗೆ ಕೆಲಸವಿಲ್ಲ. ಈ ಆಟವೂ ನಿಂತರೆ ಹಳ್ಳಿಕಾರ, ಅಮೃತಮಹಲ್ ತಳಿಗಳನ್ನು ಕಟ್ಟಿಗೆಯಲ್ಲಿ ಕೆತ್ತಿಸಿ ಇಟ್ಟುಕೊಳ್ಳಬೇಕಾದೀತು ಎನ್ನುವವರಿದ್ದಾರೆ. ಆ ಭಯ ನಿಜವಾದದ್ದು. ಆದರೆ ಈ ತಳಿಗಳಿಗೆ ಹೆಸರು ಬಂದದ್ದು ಹೇಗೆ? ಹೈದರ್, ಟಿಪ್ಪು ಇವರ ದಂಡಿನ ಫಿರಂಗಿಗಳನ್ನು ಎಳೆದ ಅಮೃತಮಹಲ್ ಎತ್ತುಗಳ ವೇಗ ಜೊತೆಯೆತ್ತಿನ ಹೆಗಲಿಗೆ ಹೆಗಲು ಕೊಟ್ಟು, ಹೊಡೆಯುವವನ ದನಿಗೆ ಕಿವಿಗೊಟ್ಟು ಬಂದ ವೇಗ. ಕಂಗೆಟ್ಟ ಎತ್ತು ಫಿರಂಗಿಯನ್ನು ಹಳ್ಳಕ್ಕೆ ಕೆಡವುತ್ತದೆ. ತಳಿ ಉಳಿಯಲಿ, ಅದರ ಗುಣವೂ ಉಳಿಯಲಿ. ಬೆದರುವುದನ್ನೇ ಗುಣವೆಂದು ಆರಿಸುತ್ತ ಹೋದರೆ ಉಳಿಯುವುದು ತೊಗಲು ಮತ್ತು ಕೋಡು ಮಾತ್ರ.

ಇನ್ನು ಮನುಷ್ಯರ ಮಾತು. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯ ಬೇರೆ ಬೇರೆ ಕಡೆ ಹೋರಿ ತಿವಿದು ಮೂವರು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಒಟ್ಟಿಗೆ ಓದಿದೆವು. ಹಬ್ಬದ ಮನೆಯಲ್ಲಿ ಹಣತೆ ಆರುವ ಮೊದಲು ಸೂತಕ. ಆಗೆಲ್ಲ "ಹೋರಿ ಮೈಮೇಲೆ ಬಂತು" ಎನ್ನುತ್ತೇವೆ. ಹೋರಿ ತಾನಾಗಿ ಬಂದೀತೆ? ಮನುಷ್ಯನನ್ನು ಕಂಡರೆ ಜೀವಕ್ಕೆ ಕುತ್ತೆಂದು ಒಂದು ತಿಂಗಳು ಕಲಿಸಿ, ಸಾವಿರ ಮನುಷ್ಯರ ನಡುವೆ ಬಿಟ್ಟೆವು. ಕಲಿತ ಪಾಠವನ್ನು ಅದು ಒಪ್ಪಿಸಿತು.

ಈ ಮಾತು ಬಂದ ಮೇಲೆ ಆ ಹುಡುಗನ ತಂದೆಗೆ ಉತ್ತರ ಹೇಳದೆ ನಿರ್ವಾಹವಿಲ್ಲ. ಹೌದು ಯಜಮಾನರೆ, ನಾನೂ ಹುಡುಗರನ್ನು ಹೆದರಿಸಿದವನೇ. ನಾನು ಕಲಿತದ್ದು ಬೆತ್ತದ ಕೆಳಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆತ್ತದ ಬದಲು ಹಾಜರಿ ಪುಸ್ತಕ ಹಿಡಿದು, ಒಳಗಿನ ಅಂಕಗಳ ಬೆದರಿಕೆ ಹಾಕಿ ಪಾಠ ಮಾಡಿದೆ. ತರಗತಿ ನಿಶ್ಶಬ್ದವಾಗಿರುತ್ತಿತ್ತು, ಅದನ್ನು ನನ್ನ ಪಾಂಡಿತ್ಯಕ್ಕೆ ಸಂದ ಗೌರವವೆಂದು ತಿಳಿದಿದ್ದೆ. ಹೆದರಿದ ಹುಡುಗರು ಕಂಠಪಾಠ ಮಾಡಿದರು, ಪಾಸಾದರು, ಓಡಿಹೋದರು. ಅವರಲ್ಲಿ ಒಬ್ಬನೂ ಆಮೇಲೆ ಒಂದು ಕನ್ನಡ ಪುಸ್ತಕ ಹಿಡಿದುಕೊಂಡು ನನ್ನ ಮನೆಗೆ ಬಂದದ್ದಿಲ್ಲ. ಹೆದರಿಕೆ ಕಲಿಸುವುದು ಒಂದೇ ವಿದ್ಯೆಯನ್ನು: ಓಡುವುದನ್ನು. ಇದು ನಾನು ಸೋತು ಕಲಿತ ಮಾತು. ಆದುದರಿಂದ ನಿಮಗಿಂತ ಮೇಲೆ ನಿಂತು ಉಪದೇಶ ಮಾಡುತ್ತಿಲ್ಲ, ಪಕ್ಕದಲ್ಲಿ ನಿಂತು ಹೇಳುತ್ತಿದ್ದೇನೆ.

ಹಬ್ಬವನ್ನು ನಿಲ್ಲಿಸಿ ಎನ್ನುವವನು ನಾನಲ್ಲ. ನಿಲ್ಲಿಸೆಂದರೆ ಅದು ಕತ್ತಲೆಯಲ್ಲಿ ನಡೆದೀತು; ಕತ್ತಲೆಯಲ್ಲಿ ಹೋರಿಗೆ ಇನ್ನೂ ಕೇಡು. ಹೋರಿ ಕಟ್ಟಿದ ರೈತರೇ, ಊರ ಸಮಿತಿಯವರೇ ಕೂಡಿ ಕೆಲವು ಕಟ್ಟಳೆ ಮಾಡಿಕೊಳ್ಳಲಿ. ತಾಲೀಮಿನಲ್ಲಿ ಪಟಾಕಿ, ಬರಲು, ಮೊಳೆ ಹೊಡೆದ ಬಾರಕೋಲು ಕೂಡದು. ಸ್ಪರ್ಧೆಗೆ ಹೆಸರು ಹಚ್ಚುವ ದಿನ ಪಶುವೈದ್ಯರು ಹೋರಿಯ ಮೂಗು, ಪಕ್ಕೆ, ಬಾಲದ ಬುಡ ನೋಡಲಿ. ಗಾಯದ ಗುರುತಿದ್ದರೆ ಆ ವರ್ಷ ಅದಕ್ಕೆ ಅಖಾಡವಿಲ್ಲವೆನ್ನಲಿ. ಕುಡಿದು ಬಂದವನು ಬೇಲಿಯಾಚೆಗೇ ನಿಲ್ಲಲಿ. ಓಟದ ಕೊನೆಯಲ್ಲಿ ಗಟ್ಟಿಯಾದ ಕಟ್ಟೆ, ನೆರಳು, ನೀರು ಇರಲಿ; ಹೋರಿ ಬೀದಿಗೆ ಬೀಳದಿರಲಿ. ಒಂದು ಹೋರಿ ಒಂದು ದಿನ ಎಷ್ಟು ಸಲ, ಒಂದು ತಿಂಗಳಲ್ಲಿ ಎಷ್ಟು ಊರು ಎಂಬುದಕ್ಕೆ ಮಿತಿ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಬಹುಮಾನದ ಲೆಕ್ಕ ಬದಲಾಗಲಿ. ಓಡಿ ಮುಗಿಸಿದ ಮೇಲೆ ಧಣಿಯ ಒಂದು ಕೂಗಿಗೆ ನಿಂತು, ಅವನ ಕೈಗೆ ಮೂಗು ಕೊಡುವ ಹೋರಿಗೆ ಮೊದಲ ಬಹುಮಾನ ಕೊಡಿ. ಮೂರು ವರ್ಷ ಹಾಗೆ ಮಾಡಿ ನೋಡಿ. ತಾಲೀಮಿನ ಬಯಲು ತಾನಾಗಿಯೇ ಬದಲಾದೀತು. ಬಹುಮಾನ ಯಾವುದಕ್ಕೋ ವಿದ್ಯೆ ಅದಕ್ಕೆ.

ಪೇಟೆಯ ವಾಚಕರಿಗೂ ಒಂದು ಮಾತು. ಹಬ್ಬದ ಮರುದಿನ ಪತ್ರಿಕೆಯಲ್ಲಿ ಬಣ್ಣದ ಚಿತ್ರ ನೋಡಿ "ಎಂಥ ರೋಷ!" ಎಂದು ಮೆಚ್ಚುವವರು ನಾವು. ಮುಂದಿನ ಸಲ ಚಿತ್ರದಲ್ಲಿ ಬಲೂನುಗಳನ್ನು ಬಿಟ್ಟು ಕಣ್ಣನ್ನು ನೋಡಿರಿ. ಬಿಳಿ ಎಷ್ಟು ಕಾಣುತ್ತದೆಂದು ನೋಡಿರಿ. ರೋಷವನ್ನೂ ಹೆದರಿಕೆಯನ್ನೂ ಬೇರೆ ಮಾಡಿ ಗುರುತಿಸಲು ಪಶುವೈದ್ಯರೇ ಬೇಕೆಂದಿಲ್ಲ.

ಆ ಹುಡುಗನ ಪ್ರಬಂಧಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟೆ, ಕನ್ನಡ ಚೆನ್ನಾಗಿತ್ತು. ಅವನು ಪುಟಗಳನ್ನು ತಿರುವಿ, ಕೆಂಪು ಶಾಯಿಯ ಪ್ರಶ್ನೆಯನ್ನು ಮತ್ತೆ ಓದಿದ. "ರೂಢಿ ಆಗೂದಿಲ್ರಿ ಸರ. ಪ್ರತಿ ಸಲಾನೂ ಹೊಸದಾಗೇ ಹೆದರತೈತಿ" ಎಂದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಅಪ್ಪಗ ಹೇಳ್ತೀನ್ರಿ" ಎಂದು ಹೊರಟ. ಹೇಳಿದನೋ ಇಲ್ಲವೋ ನಾನು ಕೇಳಲಿಲ್ಲ. ಈ ಲೇಖನದ ಪ್ರತಿಯನ್ನು ಅವನ ಕೈಯಲ್ಲಿ ಆ ಮನೆಗೆ ಕಳಿಸುತ್ತೇನೆ.